ಕುದಿಯುವ ಕೆಸರಿನ ಹೊಂಡಗಳು

ಬೇಸಿಗೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳ ಕೆರೆಗಳು ಬತ್ತುತ್ತಾ ಬಂದಾಗ ನಡುವೆ ಉಳಿದ ಕೆಸರಿನಿಂದ ಒಂದೊಂದಾಗಿ ಗುಳ್ಳೆಗಳು ಏಳುವದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ದನಗಳನ್ನು ನೀರಿಗೆ ಇಳಿಸಿದಾಗಲಂತೂ ಅವು ಕಾಲಿಟ್ಟಲ್ಲೆಲ್ಲಾ ಗುಳ್ಳೆಗಳೆದ್ದು ದುರ್ವಾಸನೆಯು ಹಬ್ಬುವದು. ಇಂಥಾದ್ದನ್ನು ಕಂಡವರು ಕೆಳಗೆ ಬೆಂಕಿಯುಂಟೋ, ನೆಲವು ಬಾಯಿಬಿಡುವದೋ ಎಂದು ಅಂಜುವದುಂಟು. ಗಾಳಿ ಸೋಕೀತೆಂದು ಮಕ್ಕಳನ್ನು ಆ ಕಡೆಗೆ ಬಿಡದವರೂ ಉಂಟು. ನೆಲದ ಬಿಸಿಯಿಂದ ನಿಜವಾಗಿ ಕುದಿಯುವ ಕೆಸರು ಈ ಲೋಕದಲ್ಲಿ ಇಲ್ಲವೇ ಇಲ್ಲವೆಂದು ಹೇಳಲಾಗದು. ಅದು ಕೆಲವು ದೇಶಗಳಲ್ಲಿ ಉಂಟು. ನಮ್ಮ ಭಾರತದಲ್ಲಿಯೂ ಒಂದು ಕಡೆ ಉಂಟು. ಆದರೆ ಅದು ಉಂಟಾಗಬೇಕಾದರೆ ನಾಲ್ಕು ಸಂಗತಿಗಳು ಒಂದೇ ಸ್ಥಳದಲ್ಲಿ ಕೂಡಬೇಕು. ಆ ನಾಲ್ಕನ್ನು ತಿಳಿದವನು ನಮ್ಮ ಕೆರೆಯ ಗುಳ್ಳೆಗೆ ಅಂಜಲಾರನು; ಅಂಜತಕ್ಕದ್ದು ಯಾವದೆಂಬದನ್ನೂ ಅವನು ತಿಳಿಯುವನು. ಅಂಜಿಕೆಯು ತಕ್ಕ ಸ್ಥಳದಲ್ಲಿದ್ದರೆ ಒಳ್ಳೇ ಕಾವಲುಗಾರನ ಹಾಗಿರುವದು. ತಪ್ಪು ಸ್ಥಳದಲ್ಲಿದ್ದರೆ ಅದು ಮುಂಬಾಗಿಲನ್ನು ಕಾಯುತ್ತಾ ಹಿತ್ತಲ ಬಾಗಿಲನ್ನು ತೆರೆದಿಡುವದು. ಆದಕಾರಣ ಈ ವಿಷಯವನ್ನು ಸಾವಧಾನವಾಗಿ ವಿಚಾರಿಸೋಣ.

೧. ಕುದಿಯುವ ಕೆಸರು ಎಂಥಾದ್ದು?

ಒಲೆಯ ಮೇಲೆ ಬರಿಯ ನೀರನ್ನಿಟ್ಟರೆ ಅದು ಸಣ್ಣ ಗುಳ್ಳೆಗಳಿಂದ ಬೇಗ ಬೇಗ ಕುದಿಯುವದು. ಅದಕ್ಕೆ ರಾಗಿಯ ಹಿಟ್ಟನ್ನು ಕದಡಿ ಅಂಬಲಿ ಕಾಯಿಸಿದರೆ ಕುದಿಯುವ ಬಗೆಯೇ ಬೇರೆ. ಗಟ್ಟಿಯಾದ ಅಂಬಲಿಯ ಅಡಿಯಲ್ಲಿ ಹುಟ್ಟಿದ ಹಬೆಯು ಸುಲಭವಾಗಿ ಮೇಲೆ ಬರಲಾರದೆ, ಒಂದು ದೊಡ್ಡ ಗುಳ್ಳೆಯಾಗಿ ಮೆಲ್ಲಗೆ ಉಬ್ಬಿ, ಕೊತ್ ಎಂದು ಒಡೆದು, ಸುತ್ತಲೂ ಸಿಡಿಯುವದು. ಮುಂದೆ ಬಗ್ಗಿ ನೋಡಿದವರ ಕೈಗೆ ಆ ಸಿಡಿತದಿಂದ ಬೊಬ್ಬೆ ಏಳುವದನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ಕುದಿಯುವ ಕೆಸರಿನ ಹೊಂಡವು ಹೀಗೆಯೇ ಇರುವದು. ಹಿಟ್ಟಿನ ಬದಲಾಗಿ ನಯವಾದ ಜೇಡಿಮಣ್ಣು, ಒಲೆಯ ಬದಲಾಗಿ ಭೂಮಿಯ ಒಳಗಿನ ಬಿಸಿ.

ಇಂಥಾ ಹೊಂಡಗಳಲ್ಲಿ ಕೆಲವು ತಂಬಿಗೆಯ ಬಾಯಿಯಷ್ಟು ಸಣ್ಣವು; ಕೆಲವು ಒಂದು ಸಣ್ಣ ಕುಂಟೆಯಷ್ಟು ದೊಡ್ಡವು. ಬಣ್ಣದಲ್ಲಿಯೂ ಅವು ಬೇರೆ ಬೇರೆಯಾಗಿವೆ. ಕಲ್ಲಿನಲ್ಲಿದ್ದ ಕಬ್ಬಿಣವು ಗಾಳಿಯೊಡನೆ ಕೂಡಿ ತುಕ್ಕಾದಲ್ಲಿ ಕೆಸರು ಕೆಂಪಾಗಿಯೂ ನಸುಗೆಂಪಾಗಿಯೂ ಕಾಣುವದು. ಕಬ್ಬಿಣವು ಗಂಧಕದೊಡನೆ ಕೂಡಿದಲ್ಲಿ ಬೂದುಬಣ್ಣವಾಗಿಯೂ ಕಪ್ಪಾಗಿಯೂ ಇರುವದು. ಸುತ್ತಲೂ ಕೊಳೆತ ಮೊಟ್ಟೆಯ ವಾಸನೆ ಇರುವದು. ನ್ಯೂಜೀಲೆಂಡ್ ದೇಶದ ರೋಟೊರುವಾ ಪಟ್ಟಣದ ಸುತ್ತಿನಲ್ಲಿಯೂ, ಐಸ್‌ಲೆಂಡ್ ದ್ವೀಪದಲ್ಲಿಯೂ, ಅಮೇರಿಕಾ ದೇಶದ ಯೆಲ್ಲೋಸ್ಟೋನ್ ಎಂಬ ಸೀಮೆಯಲ್ಲಿಯೂ ಇವು ಪ್ರಸಿದ್ಧವಾಗಿವೆ. ಯೆಲ್ಲೋಸ್ಟೋನ್ ಸೀಮೆಯನ್ನು ೧೮೭೨ರಲ್ಲಿ ಅಲ್ಲಿಯ ಸರಕಾರವು ರಾಷ್ಟ್ರೀಯ ಉದ್ಯಾನವನ್ನಾಗಿ ಕಾದಿರಿಸಿತು. ಬಿಸಿನೀರಿನ ಬುಗ್ಗೆ, ಹಬೆಯ ಬಿಲ, ಕೆಸರಿನ ಹೊಂಡ ಇವೆಲ್ಲಾ ಸೇರಿ ಅಲ್ಲಿ ೧೦,೦೦೦ಕ್ಕಿಂತ ಹೆಚ್ಚಾಗಿವೆ.

೨. ಅದು ಉಂಟಾಗುವ ಬಗೆ

ಮೊದಲನೆಯದಾಗಿ ಬಿಸಿ ಬೇಕು. ಭೂಮಿಯೊಳಗೆ ಎಲ್ಲಿ ಇಳಿದರೂ ಬಿಸಿ ಹೆಚ್ಚುವದು. ಆದರೆ ಕೆಸರು ಕುದಿಯಬೇಕಾದರೆ ಆ ಬಿಸಿಯು ಮೇಲ್ನೆಲಕ್ಕೆ ಬಹಳ ಸಮೀಪಕ್ಕೆ ಬಂದಿರಬೇಕು. ಜ್ವಾಲಾಮುಖಿಗಳಿರುವ ಸೀಮೆಗಳಲ್ಲಿ ಕರಗಿದ ಕಲ್ಲು ಕೆಲವು ಕಿಲೋಮೀಟರುಗಳ ಆಳದಲ್ಲಿಯೇ ಇರುವದರಿಂದ ಅಲ್ಲಿ ಇದು ಸಾಧ್ಯವಾಗುವದು.

ಎರಡನೆಯದಾಗಿ ನೀರು ಬೇಕು. ಆದರೆ ಅದು ಮಿತವಾಗಿರಬೇಕು. ಮಳೆಯ ನೀರು ಬಿರುಕುಗಳಲ್ಲಿ ಇಂಗಿ ಆಳಕ್ಕೆ ಹೋಗಿ ಕಾಯ್ದು, ಹಬೆಯಾಗಿ ಮೇಲಕ್ಕೆ ಏರುವದು. ಮೇಲ್ಗಡೆಯಲ್ಲಿ ನೀರು ಧಾರಾಳವಾಗಿದ್ದರೆ ಅದು ಮಣ್ಣನ್ನೆಲ್ಲಾ ತೊಳೆದುಕೊಂಡು ಹರಿದುಹೋಗಿ ತಿಳಿಯಾದ ಬಿಸಿನೀರಿನ ಬುಗ್ಗೆಯಾಗುವದು. ನೀರು ಏನೂ ಇಲ್ಲದಿದ್ದರೆ ಬರಿಯ ಹಬೆಯ ಬಿಲವಾಗುವದು. ಹರಿದುಹೋಗುವಷ್ಟಿಲ್ಲದೆ, ಒಣಗಿಹೋಗುವಷ್ಟೂ ಅಲ್ಲದೆ, ಮಣ್ಣನ್ನು ನೆನೆಸುವಷ್ಟು ಮಾತ್ರವೇ ನೀರಿದ್ದರೆ ಆಗ ಕೆಸರಿನ ಹೊಂಡವಾಗುವದು. ಆದಕಾರಣ ಒಂದೇ ಹೊಂಡವು ಮಳೆಗಾಲದಲ್ಲಿ ಅಂಬಲಿಯ ಹಾಗೆ ತೆಳ್ಳಗಾಗಿಯೂ, ಒಣಕಾಲದಲ್ಲಿ ಮುದ್ದೆಯ ಹಾಗೆ ಗಟ್ಟಿಯಾಗಿಯೂ ಇರುವದುಂಟು. ಗಟ್ಟಿಯಾದ ಕಾಲದಲ್ಲಿ ಸಿಡಿದ ಕೆಸರು ಅಂಚಿನಲ್ಲಿಯೇ ಕೂತು ಸಣ್ಣ ಹುತ್ತದ ಹಾಗೆ ಬೆಳೆಯುವದು.

ಮೂರನೆಯದಾಗಿ ಹುಳಿ ಬೇಕು. ಆಳದಿಂದ ಬರುವ ಹಬೆಯ ಸಂಗಡ ಇಂಗಾಲಾಮ್ಲ ವಾಯುವೂ, ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ವಾಯುವೂ ಬರುವವು. ಕೊಳೆತ ಮೊಟ್ಟೆಯ ವಾಸನೆ ಈ ಎರಡನೆಯದರದೇ. ಇದು ಮೇಲ್ನೆಲದ ಗಾಳಿಯನ್ನೂ ನೀರನ್ನೂ ಸಂಧಿಸಿದಾಗ ಗಂಧಕಾಮ್ಲವಾಗುವದು. ಈ ಕೆಲಸದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳೂ ಸಹಾಯ ಮಾಡುವವು. ಯೆಲ್ಲೋಸ್ಟೋನಿನ ಬಿಸಿಯಾದ ಹುಳಿನೀರಿನಲ್ಲಿ ಗಂಧಕವನ್ನೇ ಆಹಾರ ಮಾಡಿಕೊಂಡು ಬಾಳುವ ಸಲ್ಫೋಲೋಬಸ್ ಎಂಬ ಜೀವಿಯನ್ನು ಥಾಮಸ್ ಬ್ರಾಕ್ ಎಂಬ ಪಂಡಿತರೂ ಅವರ ಸಂಗಡಿಗರೂ ೧೯೭೨ರಲ್ಲಿ ವರ್ಣಿಸಿದರು. ನಮ್ಮ ಕೈ ಬೆಂದುಹೋಗುವ ನೀರು ಅದಕ್ಕೆ ಮನೆಯಾಗಿರುವದು.

ನಾಲ್ಕನೆಯದಾಗಿ ಮಣ್ಣಾಗತಕ್ಕ ಕಲ್ಲು ಬೇಕು. ಫೆಲ್ಡ್‌ಸ್ಪಾರ್ ಎಂಬದು ಅನೇಕ ವಿಧವಾದ ಕಲ್ಲುಗಳಲ್ಲಿರುವ ಖನಿಜ. ಬಿಸಿಯಾದ ಆಮ್ಲವು ತಗಲಿದಾಗ ಅದು ತನ್ನ ಗಟ್ಟಿತನವನ್ನು ಕಳಕೊಂಡು ಬೆಣ್ಣೆಯ ಹಾಗೆ ನಯವಾದ ಜೇಡಿಮಣ್ಣಾಗುವದು. ಹೀಗೆ ಹೊಂಡವು ತನ್ನ ಗೋಡೆಯನ್ನು ತಾನೇ ತಿಂದು, ತನ್ನ ಕೆಸರನ್ನು ತಾನೇ ಮಾಡಿಕೊಳ್ಳುವದು.

ಈ ಕಡೆಯ ಮಾತು ನಮ್ಮ ವಾಚಕರಿಗೆ ಪೂರಾ ಹೊಸದಲ್ಲ. ನಮ್ಮ ಸೀಮೆಯಲ್ಲಿ ಕುಂಬಾರನು ಕೆರೆಯಿಂದ ತರುವ ಜೇಡಿಮಣ್ಣೂ ಒಂದು ಕಾಲದಲ್ಲಿ ಬಂಡೆಯೇ ಆಗಿತ್ತು. ಮಳೆಯ ನೀರಿನಲ್ಲಿ ಸೇರಿದ ಇಂಗಾಲಾಮ್ಲ ವಾಯುವಿನ ಅಲ್ಪವಾದ ಹುಳಿಯೇ ಅದನ್ನು ಮಣ್ಣು ಮಾಡಿತು. ಆದರೆ ತಣ್ಣನೆಯ ಮಳೆಗೆ ಈ ಕೆಲಸ ಎಷ್ಟು ನಿಧಾನವೆಂಬದಕ್ಕೆ ಸಾಕ್ಷಿಯು ಮೊಳಕಾಲ್ಮೂರು ತಾಲೂಕಿನಲ್ಲಿಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಸ್ಥಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ, ಬಿ. ಎಲ್. ರೈಸ್ ಎಂಬವರು ೧೮೯೨ರಲ್ಲಿ ಅವುಗಳನ್ನು ಕಂಡುಹಿಡಿದರು. ಬ್ರಹ್ಮಗಿರಿಯ ಅಕ್ಷರಗಳನ್ನು ಕೆತ್ತಿ ೨,೨೦೦ ವರ್ಷಗಳು ದಾಟಿದರೂ ಓದಲಾಗುವಷ್ಟು ಅವು ಇನ್ನೂ ಉಳಿದಿವೆ. ಅಷ್ಟು ಕಾಲದ ಮಳೆಯು ಒಂದು ಬೆರಳಿನಷ್ಟು ಆಳವನ್ನೂ ತಿನ್ನಲಾರದೆ ಹೋಯಿತು. ಅದೇ ಬಂಡೆಗೆ ಬಿಸಿ ಹಬೆಯೂ ಗಂಧಕಾಮ್ಲವೂ ತಗಲಿದ್ದರೆ ಆ ಅಕ್ಷರಗಳು ಎಂದೋ ಕೆಸರಾಗಿ ಹೋಗುತ್ತಿದ್ದವು.

೩. ನಮ್ಮ ದೇಶದಲ್ಲಿ ಎಲ್ಲಿ ಉಂಟು?

ಭಾರತದ ಉತ್ತರದ ತುದಿಯಲ್ಲಿರುವ ಲಡಾಖ್ ಪ್ರಾಂತದಲ್ಲಿ ಪುಗಾ ಎಂಬ ಕಣಿವೆ ಇದೆ. ಸಮುದ್ರಮಟ್ಟದಿಂದ ಸುಮಾರು ೪,೪೦೦ ಮೀಟರು ಎತ್ತರದ ಆ ಚಳಿಯ ನಾಡಿನಲ್ಲಿ ಬಿಸಿನೀರಿನ ಬುಗ್ಗೆಗಳೂ, ಕೆಸರಿನ ಹೊಂಡಗಳೂ, ಗಂಧಕವೂ, ಬಿಳಿಗಾರವೂ ಕಾಣಸಿಗುತ್ತವೆ. ಅಲ್ಲಿಯ ಬುಗ್ಗೆಗಳ ಬಿಸಿಯು ೮೪ ಡಿಗ್ರಿ ಸೆಲ್ಸಿಯಸ್‌ವರೆಗೆ ಇರುವದು. ಇದು ಕಡಿಮೆಯೆಂದು ಎಣಿಸಬಾರದು. ಯಾಕಂದರೆ ಎತ್ತರದ ಸ್ಥಳದಲ್ಲಿ ಗಾಳಿಯ ಒತ್ತಡವು ಕಡಿಮೆಯಾಗಿರುವದರಿಂದ ಅಲ್ಲಿ ನೀರು ಅಷ್ಟರಲ್ಲಿಯೇ ಕುದಿಯುವದು. ಭಾರತದ ನೆಲವು ಏಷ್ಯಾದ ನೆಲವನ್ನು ಒತ್ತಿದ ಗಡಿಯಲ್ಲಿ ಪುಗಾ ಇದೆ. ಹಿಮಾಲಯವನ್ನು ಎತ್ತಿದ ಆ ಒತ್ತಾಟವೇ ಅಲ್ಲಿ ಬಿಸಿಯನ್ನು ಮೇಲಕ್ಕೆ ತಂದಿತು. ಆ ಬಿಸಿಯಿಂದ ವಿದ್ಯುಚ್ಛಕ್ತಿಯನ್ನು ಉಂಟುಮಾಡುವದಕ್ಕೆ ಲಡಾಖಿನ ಆಡಳಿತವೂ ಓ. ಎನ್. ಜಿ. ಸಿ. ಎಂಬ ಸರಕಾರೀ ಸಂಸ್ಥೆಯೂ ೨೦೨೧ರಲ್ಲಿ ಒಡಂಬಡಿಕೆ ಮಾಡಿಕೊಂಡವು.

ಅಂಡಮಾನ್ ದ್ವೀಪಗಳ ಬಾರಾಟಾಂಗ್ ಎಂಬಲ್ಲಿ ಕೆಸರು ಉಕ್ಕುವ ದಿಬ್ಬಗಳಿವೆ. ಅವುಗಳಿಗೆ ಕೆಸರಿನ ಜ್ವಾಲಾಮುಖಿಗಳೆಂದು ಹೆಸರು. ಆದರೆ ಅಲ್ಲಿಯ ಕೆಸರು ಕುದಿಯುವದಿಲ್ಲ. ಆಳದಲ್ಲಿ ಸಿಕ್ಕಿಕೊಂಡ ವಾಯುವು ಅದನ್ನು ಒತ್ತಿ ಮೇಲಕ್ಕೆ ತಳ್ಳುವದು. ಗುಳ್ಳೆ ಎದ್ದಲ್ಲೆಲ್ಲಾ ಬೆಂಕಿ ಇಲ್ಲವೆಂಬದಕ್ಕೆ ಇದೇ ದೃಷ್ಟಾಂತ.

ನಮ್ಮ ಕರ್ನಾಟಕದಲ್ಲಿ ಕುದಿಯುವ ಕೆಸರು ಇಲ್ಲ. ಬಿಸಿನೀರಿನ ಬುಗ್ಗೆ ಉಂಟು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿರುವ ಬೆಂದ್ರು ತೀರ್ಥವೇ ಅದು. ತುಳು ಭಾಷೆಯಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಅಳೆದವರು ಅದರ ಬಿಸಿಯನ್ನು ೪೦ ಡಿಗ್ರಿಯ ಒಳಗೆ ಹೇಳಿದ್ದಾರೆ. ಅಂದರೆ ಮೈಯ ಬಿಸಿಗೆ ಸಮೀಪವಾದದ್ದು. ಅಲ್ಲಿ ಕೆಳಗೆ ಕರಗಿದ ಕಲ್ಲಿಲ್ಲ. ಮಳೆಯ ನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಬೆಚ್ಚಗಾಗಿ, ಬೇಗನೆ ಮೇಲೆ ಬರುವದರಿಂದ ತನ್ನ ಬಿಸಿಯನ್ನು ಪೂರಾ ಕಳಕೊಳ್ಳುವದಿಲ್ಲ. ನಾವು ಎಣಿಸಿದ ನಾಲ್ಕರಲ್ಲಿ ಅಲ್ಲಿ ನೀರೊಂದು ಧಾರಾಳ, ಬಿಸಿಯು ಅಲ್ಪ. ಹಬೆಯೂ ಗಂಧಕಾಮ್ಲವೂ ಇಲ್ಲದ್ದರಿಂದ ಅಲ್ಲಿ ಕೆಸರು ಕುದಿಯಲಾರದು.

೪. ನಮ್ಮ ಸೀಮೆಯಲ್ಲಿ ಯಾಕೆ ಇಲ್ಲ?

ಚಿತ್ರದುರ್ಗ ಜಿಲ್ಲೆಯ ನೆಲವು ಎಂದೆಂದಿಗೂ ತಣ್ಣಗೇ ಇತ್ತೆಂದು ತಿಳಿಯಬಾರದು. ಜಿಲ್ಲೆಯ ಮರಡಿಹಳ್ಳಿಯ ಹತ್ತರ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುವ ಕಲ್ಲುಗಳಿವೆ. ಕರಗಿದ ಕಲ್ಲು ನೀರಿನೊಳಗೆ ಹರಿದು, ಹೊರಮೈ ಒಮ್ಮೆಗೇ ತಣ್ಣಗಾಗಿ ಬಿಗಿದಾಗ ಇಂಥಾ ಆಕಾರ ಉಂಟಾಗುವದು. ಅಂದರೆ ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ, ಅಥವಾ ಅದಕ್ಕೂ ಮುಂಚೆ, ಈಗ ಕುಡಿಯುವ ನೀರಿಗೆ ಕಷ್ಟಪಡುವ ಈ ಸೀಮೆಯ ಆ ಭಾಗವು ನೀರಿನ ಕೆಳಗಿತ್ತು. ಆ ನೀರಿನಲ್ಲಿ ಬೆಂಕಿಯ ಹೊಳೆ ಹರಿಯಿತು. ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಆ ಕಲ್ಲುಗಳನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿ ಇತ್ತು. ಅಲ್ಲಿಯ ತಾಮ್ರವೂ ಗಂಧಕದೊಡನೆಯೇ ಕೂಡಿಕೊಂಡಿತ್ತು. ಪುರಾತನ ಜ್ವಾಲಾಮುಖಿಗಳ ಕಾಲದ ಬಿಸಿನೀರೇ ಅದನ್ನು ಅಲ್ಲಿ ತಂದಿಟ್ಟಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಆದರೆ ಆ ಒಲೆಯು ಆರಿ ಯುಗಗಳಾದವು. ಈಗ ನಮ್ಮ ಕಾಲ ಕೆಳಗಿರುವ ನೆಲವು ಲೋಕದ ಅತಿ ಹಳೆಯ, ಅತಿ ಗಟ್ಟಿಯಾದ ನೆಲಗಳಲ್ಲಿ ಒಂದು. ಭೂಮಿಯ ಹೆಚ್ಚಿನ ಸ್ಥಳಗಳಲ್ಲಿ ಒಂದು ಕಿಲೋಮೀಟರು ಇಳಿದರೆ ೨೫ರಿಂದ ೩೦ ಡಿಗ್ರಿಗಳಷ್ಟು ಬಿಸಿ ಹೆಚ್ಚುವದು. ನಮ್ಮ ಈ ಹಳೇ ನೆಲದಲ್ಲಿ ಅದರ ಅರ್ಧದಷ್ಟೇ ಹೆಚ್ಚುವದು. ಕೋಲಾರದ ಚಿನ್ನದ ಗಣಿಯು ೨೦೦೧ರಲ್ಲಿ ಮುಚ್ಚಿತು. ಅದಕ್ಕೆ ಮುಂಚೆ ಅಲ್ಲಿಯ ಕೆಲಸದವರು ೩ ಕಿಲೋಮೀಟರಿಗಿಂತಲೂ ಕೆಳಗೆ ಇಳಿದಿದ್ದರು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯು ೬೦ ಡಿಗ್ರಿಯನ್ನು ಮೀರಿತ್ತು. ಮನುಷ್ಯರಿಗೆ ಅದು ಸಹಿಸಲಾರದ ಬಿಸಿಯೇ ಸರಿ. ಆದರೆ ನೀರು ಕುದಿಯುವ ಬಿಸಿಯಲ್ಲ. ಈ ಲೆಕ್ಕದಲ್ಲಿ ನಮ್ಮ ನೆಲದಲ್ಲಿ ೧೦೦ ಡಿಗ್ರಿಯ ಬಿಸಿ ಸಿಕ್ಕಬೇಕಾದರೆ ೫-೬ ಕಿಲೋಮೀಟರು ಇಳಿಯಬೇಕು. ಹೀಗಿರಲಾಗಿ ಮೊಳಕಾಲುದ್ದದ ಕೆರೆಯ ಕೆಸರನ್ನು ಕುದಿಸುವ ಒಲೆ ನಮ್ಮಲ್ಲಿ ಎಲ್ಲಿಯದು?

೫. ಕೆರೆಯ ಗುಳ್ಳೆ, ಬೋರಿನ ಬಿಸಿ

ಹಾಗಾದರೆ ಕೆರೆಯಲ್ಲಿ ಏಳುವ ಗುಳ್ಳೆ ಯಾವದು? ಎಲೆ, ಹುಲ್ಲು, ಪಾಚಿ, ಸೆಗಣಿ ಇವುಗಳು ಕೆಸರಿನೊಳಗೆ ಹೂತುಹೋಗಿ ಗಾಳಿಯಿಲ್ಲದೆ ಕೊಳೆಯುವಾಗ ಮಿಥೇನ್ ಎಂಬ ವಾಯು ಹುಟ್ಟುವದು. ಗೋಬರ್ ಗ್ಯಾಸಿನ ಗುಂಡಿಯಿಂದ ಒಲೆಗೆ ಬರುವ ವಾಯುವಿನಲ್ಲಿ ಹೆಚ್ಚು ಭಾಗವು ಇದೇ. ಇದರ ಸಂಗಡ ಸ್ವಲ್ಪವಾಗಿ ಗಂಧಕದ ವಾಯುವೂ ಬೆರೆತಿರುವದರಿಂದ ದುರ್ವಾಸನೆ ಬರುವದು. ಕೆಸರನ್ನು ಮುಟ್ಟಿ ನೋಡಿದರೆ ಅದು ತಣ್ಣಗೇ ಇರುವದು, ಅಥವಾ ಬಿಸಿಲಿಗೆ ಕಾಯ್ದಷ್ಟೇ ಬೆಚ್ಚಗಿರುವದು. ಬಯಲಿನಲ್ಲಿ ಗಾಳಿಯು ಬೀಸುವದರಿಂದ ಈ ವಾಯುವು ಚದರಿಹೋಗುವದು. ಇದರಿಂದ ಯಾರಿಗೂ ಗಾಳಿ ಸೋಕುವದಿಲ್ಲ, ನೆಲವೂ ಬಾಯಿಬಿಡುವದಿಲ್ಲ. ಮಕ್ಕಳನ್ನು ಕೆರೆಯ ಕೆಸರಿನಿಂದ ದೂರವಿಡತಕ್ಕದ್ದು ನಿಜವೇ. ಅದು ಹೂತುಕೊಳ್ಳುವ ಭಯದಿಂದ ಹೊರತು ಗುಳ್ಳೆಯ ಭಯದಿಂದಲ್ಲ.

ಕೊಳವೆ ಬಾವಿಯ ನೀರು ಬೆಳಗಿನ ಜಾವದಲ್ಲಿ ಬೆಚ್ಚಗೆ ಬರುವದನ್ನು ಕಂಡು ಕೆಲವರು ಆಶ್ಚರ್ಯಪಡುವದುಂಟು. ಆಳದ ನೀರು ಚಳಿಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಹೆಚ್ಚು ಕಡಿಮೆ ಒಂದೇ ಸಮನಾದ ಬಿಸಿಯಲ್ಲಿರುವದು. ೧,೦೦೦ ಅಡಿ ಆಳದ ಬೋರಿನಲ್ಲಿಯೂ ನೆಲದ ಬಿಸಿಯಿಂದ ಹೆಚ್ಚುವದು ೪ ಡಿಗ್ರಿಗಳ ಆಚೆ ಈಚೆ ಮಾತ್ರ. ನಮ್ಮ ಮೈ ಚಳಿಗೆ ತಣ್ಣಗಾಗಿರುವದರಿಂದ ಆ ನೀರು ನಮಗೆ ಬಿಸಿಯಾಗಿ ತೋರುವದು. ಆ ಬಿಸಿಗೆ ಅಂಜಬೇಕಾದ್ದಿಲ್ಲ.

ಆದರೆ ಅದೇ ನೀರಿನಲ್ಲಿ ಅಂಜತಕ್ಕದ್ದು ಬೇರೊಂದು ಇರಬಹುದು. ಕಲ್ಲಿನೊಳಗೆ ಬಹಳ ಕಾಲ ನಿಂತ ನೀರು ಕಲ್ಲಿನ ಸಾರವನ್ನು ಕರಗಿಸಿಕೊಳ್ಳುವದು. ಚಿತ್ರದುರ್ಗ ಜಿಲ್ಲೆಯ ಅನೇಕ ಊರುಗಳ ಕೊಳವೆ ಬಾವಿಗಳಲ್ಲಿ ಹೀಗೆ ಫ್ಲೋರೈಡ್ ಎಂಬ ಲವಣವು ಮಿತಿ ಮೀರಿ ಸೇರಿದೆ. ಒಂದು ಲೀಟರಿನಲ್ಲಿ ಅದು ೧.೫ ಮಿಲಿಗ್ರಾಮಿಗಿಂತ ಹೆಚ್ಚಾದರೆ ಆ ನೀರು ಕುಡಿಯಲಿಕ್ಕೆ ತಕ್ಕದ್ದಲ್ಲ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಗುಳ್ಳೆಯಿಲ್ಲ. ಮಕ್ಕಳ ಹಲ್ಲು ಕಂದುಬಣ್ಣವಾಗುವದು. ವರ್ಷಗಳು ಹೋದ ಹಾಗೆ ಮೂಳೆಗಳೂ ಕೀಲುಗಳೂ ಬಿಗಿಯುವವು. ಕುದಿಸಿದರೂ ಅದು ಹೋಗದು. ನೀರು ಆವಿಯಾಗಿ ಹೋದಷ್ಟಕ್ಕೆ ಉಳಿದ ನೀರಿನಲ್ಲಿ ಅದರ ಪ್ರಮಾಣವು ಹೆಚ್ಚುವದು. ಆದಕಾರಣ ಊರಿನ ನೀರನ್ನು ಪರೀಕ್ಷೆ ಮಾಡಿಸಿರೆಂದು ಪಂಚಾಯತಿಯವರನ್ನು ಕೇಳಿಕೊಳ್ಳುವದು ನಮ್ಮೆಲ್ಲರ ಕರ್ತವ್ಯ.

೬. ನಿಜವಾದ ಅಪಾಯ ಎಲ್ಲಿ?

ಕುದಿಯುವ ಕೆಸರಿನ ಸೀಮೆಗಳಲ್ಲಿ ಜನರು ಸಾಯುವದು ಹೆಚ್ಚಾಗಿ ನೋಡಿ ಅಂಜಿದ ಸ್ಥಳದಲ್ಲಿ ಅಲ್ಲ. ಗಟ್ಟಿಯೆಂದು ನಂಬಿ ಕಾಲಿಟ್ಟ ಸ್ಥಳದಲ್ಲಿ. ಹೊಂಡದ ಸುತ್ತ ಒಣಗಿದ ಮಣ್ಣು ಹಪ್ಪಳದ ಹಾಗೆ ತೆಳ್ಳಗಿದ್ದು ಕೆಳಗೆ ಕುದಿಯುತ್ತಿರುವದು. ಯೆಲ್ಲೋಸ್ಟೋನಿನಲ್ಲಿ ಇದು ವರೆಗೆ ೨೦ಕ್ಕಿಂತ ಹೆಚ್ಚು ಜನರು ಬಿಸಿನೀರಿಗೆ ಬಿದ್ದು ಸತ್ತಿದ್ದಾರೆ. ೨೦೧೬ರಲ್ಲಿ ನೋರಿಸ್ ಎಂಬ ಸ್ಥಳದಲ್ಲಿ ಹಲಗೆ ಹಾಸಿದ ದಾರಿಯನ್ನು ಬಿಟ್ಟು ಹೋದ ಯುವಕನೊಬ್ಬನು ಹುಳಿಯಾದ ಬಿಸಿ ಹೊಂಡದಲ್ಲಿ ಬಿದ್ದು ಪ್ರಾಣ ಕಳಕೊಂಡನು.

ನಮ್ಮ ಸೀಮೆಯಲ್ಲಿ ಆ ಹೊಂಡಗಳಿಲ್ಲ; ಆದರೆ ಅವುಗಳಿಂದ ಹೊರಡುವ ವಾಯುಗಳು ನಮ್ಮಲ್ಲಿಯೂ ಉಂಟು. ಬಯಲಿನಲ್ಲಿ ಚದರಿಹೋಗುವ ಅದೇ ವಾಯುಗಳು ಹಾಳುಬಾವಿ, ಗೋಬರ್ ಗ್ಯಾಸಿನ ಗುಂಡಿ, ಪಾಯಿಖಾನೆಯ ಗುಂಡಿ, ಒಳಚರಂಡಿ ಈ ಸ್ಥಳಗಳಲ್ಲಿ ತಂಗಿ ನಿಲ್ಲುವವು. ಇಂಗಾಲಾಮ್ಲ ವಾಯುವೂ ಗಂಧಕದ ವಾಯುವೂ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುವವು. ಗಂಧಕದ ವಾಯುವಿನಲ್ಲಿ ಮತ್ತೊಂದು ಮೋಸವುಂಟು. ಅದು ಸ್ವಲ್ಪವಿದ್ದಾಗ ಬಹಳ ನಾರುವದು. ಬಹಳವಾದಾಗ ನಮ್ಮ ಮೂಗಿನ ಶಕ್ತಿಯನ್ನೇ ಕೆಡಿಸುವದರಿಂದ ವಾಸನೆಯೇ ತಿಳಿಯದು. ವಾಸನೆ ಹೋಯಿತೆಂದು ಧೈರ್ಯದಿಂದ ಇಳಿದವನು ಅಲ್ಲಿಯೇ ಬೀಳುವನು. ಅವನನ್ನು ಎತ್ತುವದಕ್ಕೆ ಅಣ್ಣನೋ ತಮ್ಮನೋ ಇಳಿಯುವನು, ಅವನೂ ಬೀಳುವನು. ಒಂದು ಸಾವು ಹೀಗೆ ಒಂದೇ ಮನೆಯಲ್ಲಿ ಎರಡು ಮೂರಾಗುವದು.

ಬಾವಿಗೆ ಇಳಿಯುವ ಮುಂಚೆ ದೀಪವನ್ನು ಇಳಿಬಿಟ್ಟು ನೋಡುವ ವಾಡಿಕೆ ಹಳೆಯದು. ಉಸಿರಾಡುವ ಗಾಳಿ ಕಡಿಮೆಯಿದ್ದರೆ ದೀಪವು ಆರುವದು ನಿಜ. ಆದರೆ ವಿಷವಾಯು ಇದ್ದಾಗ ದೀಪವು ಉರಿಯುತ್ತಲೇ ಇರಬಹುದು. ಮಿಥೇನ್ ಇದ್ದರೆ ಬೆಂಕಿ ಹತ್ತಬಹುದು. ಆದಕಾರಣ ದೀಪವನ್ನು ನಂಬಬಾರದು. ಒಳಗೆ ಬಿದ್ದವನು ಎಷ್ಟು ಪ್ರಿಯನಾಗಿದ್ದರೂ ಹಿಂದೆಯೇ ಇಳಿಯಬಾರದು. ೧೧೨ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳದವರನ್ನು ಕರೆಯತಕ್ಕದ್ದು.

ಇನ್ನೊಂದು ಮಾತನ್ನು ನಮ್ಮ ಬಡ ಕೂಲಿಯವರು ವಿಶೇಷವಾಗಿ ನೆನಪಿಡಲಿ. ತಕ್ಕ ರಕ್ಷಣೆಯಿಲ್ಲದೆ ಮನುಷ್ಯನನ್ನು ಮಲದ ಗುಂಡಿಯೊಳಗೂ ಒಳಚರಂಡಿಯೊಳಗೂ ಇಳಿಸಿ ಶುದ್ಧಮಾಡಿಸುವದನ್ನು ೨೦೧೩ರ ಕಾನೂನು ಅಪರಾಧವೆಂದು ಹೇಳುವದು. ದೊಡ್ಡವರು ಹೇಳಿದರೆಂದೂ, ದುಪ್ಪಟ್ಟು ಕೂಲಿ ಕೊಟ್ಟರೆಂದೂ ಯಾರೂ ಇಳಿಯಬೇಕಾದ್ದಿಲ್ಲ. ಇಲ್ಲವೆನ್ನುವದು ಸೊಕ್ಕಿನ ಮಾತಲ್ಲ. ಹೆಂಡತಿ ಮಕ್ಕಳನ್ನು ಉಳಿಸುವ ಮಾತು.

ಹೀಗೆ ಗುಳ್ಳೆ, ವಾಸನೆ, ಬಿಸಿ ಈ ಮೂರಕ್ಕೂ ತಕ್ಕ ಕಾರಣಗಳುಂಟು. ಕಾರಣವನ್ನು ವಿಚಾರಿಸಿದವನಿಗೆ ಬತ್ತುವ ಕೆರೆಯು ಬರಿಯ ಕೆರೆಯಾಗಿಯೂ, ಮುಚ್ಚಿದ ಗುಂಡಿಯು ಜೀವ ತೆಗೆಯುವ ಗುಂಡಿಯಾಗಿಯೂ ಕಾಣುವದು. ಓದುಬರಹ ಬಲ್ಲವರು ಬಾರದವರಿಗೆ ಇದನ್ನು ಓದಿ ಹೇಳಲಿ.

ವಿಚಾರಿಸುವದಕ್ಕೆ ಪ್ರಶ್ನೆಗಳು

೧. ಕುದಿಯುವ ಕೆಸರಿನ ಹೊಂಡ ಉಂಟಾಗಲು ಬೇಕಾದ ನಾಲ್ಕು ಸಂಗತಿಗಳು ಯಾವವು?

೨. ನೀರು ಹೆಚ್ಚಾದರೆ ಏನಾಗುವದು? ಇಲ್ಲದೆ ಹೋದರೆ ಏನಾಗುವದು?

೩. ಬ್ರಹ್ಮಗಿರಿಯ ಶಾಸನವು ಮಳೆಯ ಕೆಲಸದ ವಿಷಯದಲ್ಲಿ ಏನು ತೋರಿಸುವದು?

೪. ಪುಗಾ ಕಣಿವೆಗೂ ಬೆಂದ್ರು ತೀರ್ಥಕ್ಕೂ ಇರುವ ಭೇದವೇನು?

೫. ನಿಮ್ಮ ಊರಿನಲ್ಲಿ ವಾಯು ತಂಗಿ ನಿಲ್ಲತಕ್ಕ ಹಾಳುಬಾವಿಗಳೂ ಗುಂಡಿಗಳೂ ಎಲ್ಲೆಲ್ಲಿವೆ? ಅವುಗಳಿಗೆ ಮುಚ್ಚಳವೋ ಬೇಲಿಯೋ ಉಂಟೋ?